ಹಿಮದ ಬೆಳಕು

ಫೆಬ್ರವರಿ 4, ಬೆಳಿಗ್ಗೆ

ದೊಡ್ಡಮ್ಮ ಎದ್ದಾಗಿದೆ. ಒಳಕೋಣೆಯಲ್ಲಿ ಶ್ರುತಿ ಮಾಡುತ್ತಿದ್ದಾಳೆ. ಪಕ್ಕದ ಮನೆಯವರು ಗೋಡೆ ತಟ್ಟುವವರೆಗೂ ನುಡಿಸುತ್ತಾಳೆ. ತಟ್ಟಿದ ಮೇಲೆ ಹಟಕ್ಕೆ ಇನ್ನೊಂದು ಸಾಲು.

ನಿನ್ನೆ ಮತ್ತೆ ನನ್ನ ಬರಹಕ್ಕೆ ಕತ್ತರಿ. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಹೆರಿಗೆ ಮಾಡಿಸಿದ ವೈದ್ಯೆಯ ಬಗ್ಗೆ ಅರ್ಧ ಪುಟ ಬರೆದಿದ್ದೆ. ಕಾರ್ಯಕ್ರಮದ ನಿರ್ದೇಶಕಿ ಎರಡು ಸಾಲು ಉಳಿಸಿದರು. “ಲಿಟರೇಚರ್, ಪರದೆ ಮೇಲೆ ಪ್ರಬಂಧ ಬೇಡ. ಜನ ಪರೀಕ್ಷೆ ಬರೆಯೋಕೆ ಬಂದಿರಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಎಂ.ಎ. ಮಾಡಿದ್ದಕ್ಕೆ ಸಿಕ್ಕ ಬಿರುದು ಇದೊಂದೇ.

ಅಮ್ಮ ಊರಿಂದ ಫೋನ್ ಮಾಡಿದ್ದಳು. “ಅಂದ್ರೆ ಸಿನಿಮಾನಾ, ಸಂಗೀತಾನಾ?” ಎರಡೂ, ಅಂದೆ. ಕೆಳಗೆ ಪೂರ್ತಿ ಆರ್ಕೆಸ್ಟ್ರಾ. ಅವರ ಬೆನ್ನ ಹಿಂದೆ, ಮೇಲೆ, ಗೋಡೆಯಷ್ಟು ದೊಡ್ಡ ಪರದೆ. ಅದರ ಮೇಲೆ ಸಾಧನೆ ಮಾಡಿದ ಐದು ಜನ ಹೆಂಗಸರ ಹಳೆಯ ಫೋಟೋ, ಫಿಲ್ಮಿನ ತುಣುಕು, ನಡುನಡುವೆ ನನ್ನ ಸಾಲು. “ಮತ್ತೆ ನೀನು ಎಲ್ಲಿರ್ತೀಯ?” ಹಿಂದುಗಡೆ, ಗಾಜಿನ ಕೋಣೆಯಲ್ಲಿ. ಸ್ವರಲಿಪಿ ನೋಡಿಕೊಂಡು ಚಿತ್ರ ಬದಲಿಸುವ ಗುಂಡಿ ಒತ್ತುತ್ತೇನೆ. “ಸರಿಹೋಯ್ತು. ಯಾರಿಗೂ ಕಾಣದ ಕೆಲಸಾನೇ ಹುಡುಕಿದ್ದೀಯ.”

ದೊಡ್ಡಮ್ಮ ಅದೇ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸುತ್ತಾಳೆ. ನೋಡಲು ಪಿಟೀಲೇ, ತುಸು ದೊಡ್ಡದು; ಪಿಟೀಲಿನ ಅಕ್ಕ ಅನ್ನುತ್ತಾಳೆ ಅದನ್ನು. “ಅಕ್ಕನ ಥರಾನೇ. ಇದ್ರೆ ಯಾರಿಗೂ ಕೇಳಿಸಲ್ಲ, ಇಲ್ದಿದ್ರೆ ಮನೆ ನಡೆಯಲ್ಲ.” ಇದನ್ನು ಹೇಳುವಾಗ ಫೋನಿನಲ್ಲಿರುವ ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಕೇಳಿಸುವಷ್ಟು ಜೋರು.

ಫೆಬ್ರವರಿ 6

ಇವತ್ತಿನಿಂದ ದೊಡ್ಡ ಸಭಾಂಗಣ. ಕತ್ತಲಲ್ಲಿ ರಿಹರ್ಸಲ್. ಪರದೆ ಚೆನ್ನಾಗಿ ಕಾಣಬೇಕಾದರೆ ಉಳಿದದ್ದೆಲ್ಲ ಕಪ್ಪಾಗಿರಬೇಕು. ನುಡಿಸುವವರ ಬಟ್ಟೆ ಕಪ್ಪು. ಪುಟ ಇಡುವ ಸ್ಟ್ಯಾಂಡುಗಳಿಗೆ ಸಣ್ಣ ದೀಪ, ಅದಕ್ಕೂ ನೀಲಿ ಹಾಳೆ ಸುತ್ತಿದ್ದಾರೆ. ಗಾಜಿನ ಕೋಣೆಯಿಂದ ನೋಡಿದರೆ ಸಾಧಕಿಯರು ಮೇಲೆ ಮನೆಯಷ್ಟು ದೊಡ್ಡದಾಗಿ ಹೊಳೆಯುತ್ತಾರೆ. ಕೆಳಗೆ ಕೂತ ಹೆಂಗಸರು… ಬರೀ ಕೈಗಳು.

ಎದುರು ನಿಂತು ಕೈಬೀಸಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರು ಮೇಲಿಂದ ಮೇಲೆ ನಿಲ್ಲಿಸಿದರು. ಆಮೇಲೆ ದೊಡ್ಡಮ್ಮ: “ಇವರ ಬಸ್ಸು ಎಲ್ಲಾ ಸ್ಟಾಪಲ್ಲೂ ನಿಲ್ಲತ್ತೆ ಕಣೆ. ಟಿಕೆಟ್ಟೂ ಕೊಡಲ್ಲ.”

ನಕ್ಕೆ. ಆದರೆ ಒಂದು ವಿಷಯ ಗಮನಿಸಿದೆ. ಒಂದು ಸ್ಟ್ಯಾಂಡಿಗೆ ಇಬ್ಬರು. ಒಳಬದಿಯವರು ಪುಟ ತಿರುಗಿಸುವುದು ಪದ್ಧತಿ. ದೊಡ್ಡಮ್ಮ ಒಳಬದಿ. ಇವತ್ತು ಪುಟ ತಿರುಗಿಸಿದ್ದೆಲ್ಲ ಜೊತೆಗಾತಿ. ದೊಡ್ಡಮ್ಮನ ಮೂಗು ಹಾಳೆಗೆ ತಾಗುತ್ತಿತ್ತು.

ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದೆ ಉಳಿಸಿಕೊಳ್ಳುವುದು ನನಗೆ ಅಭ್ಯಾಸ.

ಫೆಬ್ರವರಿ 8

ಕೇಳುವ ಪ್ರಮೇಯ ಬರಲಿಲ್ಲ. ಕಣ್ಣಿನ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು. ಬೆಳಕಿದ್ದರೆ ಕಾಣುತ್ತದೆ. ಮಬ್ಬಿನಲ್ಲಿ ಕಾಣುವ ಶಕ್ತಿ ಹೋಗುತ್ತಿದೆ. ಹೋದದ್ದು ಬರುವುದಿಲ್ಲವಂತೆ.

“ಕಂಡಕ್ಟರಿಗೆ ಹೇಳಬೇಡ್ವಾ?”

“ಹೇಳ್ತೀನಿ. ಈ ಪ್ರೋಗ್ರಾಂ ಮುಗೀಲಿ, ನಾನೇ ಹೋಗಿ ಹೇಳ್ತೀನಿ. ಇಷ್ಟು ವರ್ಷ ಕೂತ ಕುರ್ಚಿ. ನಾನಾಗಿ ಎದ್ದು ಬರಬೇಕು. ಪಾಪ ಅಂತ ಯಾರೋ ಕೈ ಹಿಡಿದು ಎಬ್ಬಿಸಬಾರದು.” ಚಹಾ ಸೋಸುತ್ತಿದ್ದಳು. ಲೋಟದ ಅಂಚನ್ನು ಬೆರಳಿನಿಂದ ಹುಡುಕಿ ಸುರಿದಳು. “ಅಲ್ಲೀವರೆಗೆ ನಿನ್ನ ಬಾಯಿಗೆ ಬೀಗ. ಅದೇನು ಹೊಸದಾಗಿ ಹಾಕಬೇಕಾ, ಹುಟ್ಟುವಾಗಲೇ ಹಾಕ್ಕೊಂಡು ಬಂದಿದ್ದೀಯ.”

ಫೆಬ್ರವರಿ 12

ನಾಲ್ಕನೆಯವಳು ಪರ್ವತಾರೋಹಿ. ಅವಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ತುದಿ ಮುಟ್ಟಿದಳು, ಅದು ಎಲ್ಲರಿಗೂ ಗೊತ್ತು. ಇಳಿಯುವಾಗ ಹಿಮದ ಬಿಳುಪಿಗೆ ಕಣ್ಣು ಕುರುಡಾಯಿತು. ಮುಂದೆ ಹೋಗುತ್ತಿದ್ದವನ ಹಗ್ಗ ಹಿಡಿದು, ಕಾಲಿನಿಂದ ದಾರಿ ತಡವಿಕೊಂಡು ಕೆಳಗೆ ಬಂದಳು. ಉಳಿದ ಫೋಟೋಗಳಲ್ಲೆಲ್ಲ ಟೋಪಿ, ಕನ್ನಡಕ, ಮುಸುಕು. ಮುಖ ಕಾಣುವುದು ಒಂದರಲ್ಲಿ ಮಾತ್ರ. ಕೆಳಗಿನ ಡೇರೆಯೊಳಗೆ ತೆಗೆದದ್ದು. ಮುಕ್ಕಾಲು ಕಪ್ಪು. ಊದಿದ ಮುಚ್ಚಿದ ಕಣ್ಣು. ನಗುತ್ತಿದ್ದಾಳೆ.

ಇಳಿಯುವ ಭಾಗಕ್ಕೆ ಸಂಗೀತ ಬರೆದವರು ಎಲ್ಲ ವಾದ್ಯಗಳನ್ನೂ ಸುಮ್ಮನಿರಿಸಿದ್ದಾರೆ. ಬರೀ ವಿಯೋಲಾಗಳು. ನಿಧಾನ. ನನ್ನ ಸಾಲಿಗೆ ಅಲ್ಲಿ ಒಂದೇ ಪದ ಸಾಕಾಯಿತು: ಇಳಿದಳು. ನಿರ್ದೇಶಕಿ ಮೊದಲ ಸಲ ಏನೂ ಕತ್ತರಿಸಲಿಲ್ಲ.

ಮುಚ್ಚಿದ ಕಣ್ಣಿನ ವಿಷಯ ದೊಡ್ಡಮ್ಮನಿಗೆ ಹೇಳಿಲ್ಲ. ನುಡಿಸುವವರಿಗೆ ಪರದೆ ಬೆನ್ನ ಹಿಂದೆ, ಚಿತ್ರ ಕಾಣುವುದಿಲ್ಲ. ಹೇಗೂ ಅವಳು ನೋಡುವುದಿಲ್ಲ ಅಂದುಕೊಂಡೆ.

ಮಧ್ಯಾಹ್ನ ರಿಹರ್ಸಲಿನಲ್ಲಿ ಪರದೆ ಪರೀಕ್ಷೆ ಮಾಡುವಾಗ, ಇಳಿಯುವ ಭಾಗಕ್ಕೆ ಇಟ್ಟಿದ್ದ ಆ ಮುಖದ ಜಾಗದಲ್ಲಿ ಹಿಮದ ಇಳಿಜಾರಿನ ಚಿತ್ರ ಹಾಕಿ ನೋಡಿದೆ. ಬರೀ ಬಿಳುಪು. ಕಿಟಕಿ ತೆರೆದ ಹಾಗೆ ಸ್ಟ್ಯಾಂಡುಗಳ ಮೇಲೆ ಬೆಳಕು ಬಿತ್ತು, ಹಿಂದಿನಿಂದ, ಹೆಗಲ ಮೇಲಿಂದ. ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. ಅವಳೇ ಪುಟ ತಿರುಗಿಸಿದಳು.

ಚಿತ್ರ ವಾಪಸ್ ಬದಲಿಸಲಿಲ್ಲ.

ಫೆಬ್ರವರಿ 14

ನಿರ್ದೇಶಕಿ ಗಾಜಿನ ಕೋಣೆಗೇ ಬಂದರು. “ಇಲ್ಲಿ ಮುಖ ಇತ್ತಲ್ವಾ? ಹಿಮ ಯಾಕೆ?”

ನಿಜ ಹೇಳುವಂತಿರಲಿಲ್ಲ. ಆದರೆ ಬಾಯಿ ತಾನಾಗಿ ಶುರುಮಾಡಿತು. ಖಾಲಿ ಜಾಗದಲ್ಲಿ ನೋಡುವವರು ತಾವೇ ಅವಳನ್ನು ಹುಡುಕಿಕೊಳ್ಳುತ್ತಾರೆ, ಇಲ್ಲದಿರುವುದೇ ಇರುವುದಕ್ಕಿಂತ ಹೆಚ್ಚು… ಏನೇನೋ. ಎರಡು ವರ್ಷ ತರಗತಿಯಲ್ಲಿ ಬಾಯಿ ಬಿಡದವಳು ಒಂದೇ ಉಸಿರಿಗೆ ಸೆಮಿನಾರ್ ಮುಗಿಸಿದೆ. ಒಂದು ಮಾತೂ ನಿಜವಲ್ಲ.

“ಲಿಟರೇಚರ್!” ಅಂದರು. ಬೆನ್ನು ತಟ್ಟಿದರು. “ಚೆನ್ನಾಗಿದೆ. ಇರಲಿ.”

ಸಂತೋಷವಾಯಿತು. ಸುಳ್ಳಿಗೆ ಸಿಕ್ಕ ಹೊಗಳಿಕೆ ಇಷ್ಟು ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ.

ಫೆಬ್ರವರಿ 22, ಸಂಜೆ

ಬಹಳ ದಿನ ಬರೆಯಲಾಗಲಿಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು.

ಇವತ್ತು ಮೊದಲಿಂದ ಕೊನೆಯವರೆಗೆ ಒಂದು ಸುತ್ತು. ಪರ್ವತದ ಭಾಗ ಬಂದಾಗ ನಿರ್ದೇಶಕಿ ಕೂಗಿದರು: “ಹಿಮದ ಬೆಳಕೇ ಇಷ್ಟಿದೆಯಲ್ಲ, ಅಲ್ಲಿ ನಿಮ್ಮ ದೀಪ ಯಾಕೆ? ವಿಯೋಲಾದವರು ಆರಿಸಿಕೊಳ್ಳಿ.” ಆರಿಸಿಕೊಂಡರು. ಚೆಂದ ಕಂಡಿತು.

ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿ ಕಡೆ ನೋಡುತ್ತ ಕೇಳಿದಳು, “ಅಷ್ಟು ಬೆಳಕು ನನ್ನ ಸೋಲೋ ಹೊತ್ತಿಗೇ ಯಾಕೆ ಬರತ್ತೆ?”

“ನಿನ್ನದಲ್ಲ, ವಿಯೋಲಾದವರೆಲ್ಲರದ್ದು.”

“ಮಾತು ತಿರುಗಿಸಬೇಡ. ಅಲ್ಲಿ ಮೊದಲು ಏನಿತ್ತು?”

“ಆಕೆಯ ಮುಖದ ಫೋಟೋ.”

“ಬೇರೆ ಕಡೆ ಹಾಕಿದ್ದೀಯಾ?”

“ಇಲ್ಲ.”

“ಆಕೆಯ ಮುಖದ ಫೋಟೋ ಎಷ್ಟಿವೆ?”

“ಒಂದೇ.”

ನಮ್ಮ ಸ್ಟಾಪ್ ಬಂತು. ಇಳಿದ ಮೇಲೆ ಬೀದಿದೀಪದ ಕೆಳಗೆ ನಿಂತಳು. ಅವಳಿಗೆ ನಾನು ಕಾಣುವ ಜಾಗ ನೋಡಿಕೊಂಡೇ ನಿಂತಳು.

“ಆಕೆ ಬೆಟ್ಟ ಹತ್ತಿದ್ದು ನನಗೆ ದೀಪ ಹಿಡಿಯೋಕಾ?”

“ದೊಡ್ಡಮ್ಮ, ಜನಕ್ಕೆ ಗೊತ್ತೇ ಆಗಲ್ಲ…”

“ನನಗೆ ಗೊತ್ತಾಯ್ತಲ್ಲ. ಸಾಧಕಿಯರ ಕಾರ್ಯಕ್ರಮ ಅಂತೆ. ಇರೋ ಒಂದು ಮುಖಾನೂ ಪೆಟ್ಟಿಗೇಲಿಟ್ಟು, ಈ ಮುದುಕಿ ಎರಡು ಪುಟ ಓದಲಿ ಅಂತ ಹಿಮ ಹಾಸಿದ್ದಾಳೆ ನಮ್ಮ ಪಂಡಿತೆ. ವಾಪಸ್ ಹಾಕು.”

“ಆಗ ನಿನಗೆ ಕಾಣಲ್ವಲ್ಲ?”

“ಅದು ನನ್ನ ತಲೆನೋವು. ಕಾಣದಿದ್ರೆ ಕಮಾನು ಕೆಳಗಿಟ್ಟು ಕೂತ್ಕೋತೀನಿ. ಹಾಕ್ತೀಯೋ ಇಲ್ವೋ?”

“ಹಾಕ್ತೀನಿ.”

“ನನ್ನಾಣೆ?”

“ನಿನ್ನಾಣೆ.”

ಮನೆಗೆ ಬಂದು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡೆವು.

ಫೆಬ್ರವರಿ 23

ಕಿಟಕಿಯ ಪಕ್ಕ, ಮಧ್ಯಾಹ್ನದ ಬಿಸಿಲಲ್ಲಿ ಕೂತು ಆ ಎರಡು ಪುಟ ಬಾಯಿಪಾಠ ಮಾಡುತ್ತಿದ್ದಾಳೆ. ಬೆರಳಿಗೆ ಪಾಠ ಅನ್ನಬೇಕು. ಓದುತ್ತಾಳೆ, ಕಣ್ಣು ಮುಚ್ಚುತ್ತಾಳೆ, ನುಡಿಸುತ್ತಾಳೆ, ತಪ್ಪುತ್ತಾಳೆ, ಬೈಯುತ್ತಾಳೆ. ಬೈಗುಳ ಯಾರಿಗೆಂದು ಹೇಳುವುದಿಲ್ಲ. ಹತ್ತಿರದಲ್ಲಿರುವುದು ನಾನೊಬ್ಬಳೇ.

ಫೆಬ್ರವರಿ 25

“ಬಾ ಇಲ್ಲಿ. ಸುಮ್ಮನೆ ಮೂಲೇಲಿ ಕೂತು ನನ್ನ ನೋಡೋದಕ್ಕಿಂತ ಮೇಜು ತಟ್ಟು.” ತಟ್ಟಿದೆ. ನುಡಿಸದೆ ಸುಮ್ಮನಿರುವ ತಾಳದ ಆವರ್ತಗಳನ್ನೂ ಎಣಿಸಿದೆ. ಗೋಡೆ ತಟ್ಟಿದರು ಪಕ್ಕದವರು. “ಅವರೂ ತಾಳ ಹಾಕ್ತಿದ್ದಾರೆ ನೋಡು,” ಅಂದಳು. ರಾಜಿ ಆಯಿತು ಅಂದುಕೊಂಡೆ.

ಮಾರ್ಚ್ 1, ಮಧ್ಯಾಹ್ನ 3

ಇವತ್ತು ಸಂಜೆ ಪ್ರದರ್ಶನ. ಮುಖದ ಚಿತ್ರ ವಾಪಸ್ ಸೇರಿಸಿದ್ದೇನೆ. ನಿರ್ದೇಶಕಿಗೆ ಹೇಳಲು ಎರಡು ಸಲ ಹೋದೆ. ಮೊದಲ ಸಲ ಫೋನಿನಲ್ಲಿದ್ದರು. ಎರಡನೆಯ ಸಲ, “ಲಿಟರೇಚರ್, ಕಾಗುಣಿತ ತಪ್ಪಿದ್ರೆ ಸರಿಮಾಡ್ಕೋ, ಬೇರೆ ಏನಿದ್ರೂ ನಾಳೆ.” ತಲೆಯಾಡಿಸಿ ಬಂದೆ. ಏನೋ ಮರೆತಿದ್ದೇನೆ ಅನಿಸುತ್ತಿದೆ. ಬಟ್ಟೆಗೆ ಇಸ್ತ್ರಿ ಹಾಕಿಲ್ಲ. ಅದೇ ಇರಬೇಕು.

ಮಾರ್ಚ್ 2, ಬೆಳಿಗ್ಗೆ

ಇಸ್ತ್ರಿ ಅಲ್ಲ. ದೀಪ.

ನಡೆದ ಹಾಗೆಯೇ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ವೈದ್ಯೆಯ ದೋಣಿಗೆ ಜನ ಉಸಿರು ಬಿಗಿಹಿಡಿದರು. ನಕ್ಷತ್ರ ಎಣಿಸಿದವಳು, ಆಮೇಲೆ ನ್ಯಾಯಾಧೀಶೆ, ಎಲ್ಲ ತಪ್ಪಿಲ್ಲದೆ ಮುಗಿಯಿತು. ಪರ್ವತ ಬಂತು. ತುತ್ತೂರಿಗಳೆಲ್ಲ ಸೇರಿ ತುದಿ ಮುಟ್ಟಿಸಿದವು. ನಿಂತವು. ರಿಹರ್ಸಲಿನಲ್ಲಿ ಹೇಳಿಕೊಟ್ಟಂತೆ ವಿಯೋಲಾದವರು ಒಬ್ಬೊಬ್ಬರಾಗಿ ದೀಪ ಆರಿಸಿದರು. ಹಿಮ ಬರುತ್ತದೆಂದು.

ಬೆರಳು ಗುಂಡಿಯ ಮೇಲಿತ್ತು. ಆಗ ಹೊಳೆಯಿತು. ಮುಖ ಕಪ್ಪು, ದೀಪ ಇಲ್ಲ, ಯಾರಿಗೂ ಏನೂ ಕಾಣುವುದಿಲ್ಲ. ದೊಡ್ಡಮ್ಮನ ಕಣ್ಣೊಂದನ್ನೇ ಯೋಚಿಸಿ, ಕಣ್ಣು ಚೆನ್ನಾಗಿದ್ದವರನ್ನೆಲ್ಲ ಮರೆತಿದ್ದೆ. ಹಿಮದ ಚಿತ್ರ ಇನ್ನೂ ಪಟ್ಟಿಯಲ್ಲೇ ಇತ್ತು, ಒಂದು ಗುಂಡಿಯ ದೂರದಲ್ಲಿ. ಕಂಡಕ್ಟರ ಕೈ ಮೇಲೆದ್ದಿತ್ತು.

ಆಣೆ ನೆನಪಾಯಿತೇ? ಇಲ್ಲ, ಆ ನಗು ನೆನಪಾಯಿತು. ಮುಖದ ಗುಂಡಿ ಒತ್ತಿದೆ.

ಸಭಾಂಗಣ ಕಪ್ಪಾಯಿತು. ಮೇಲೆ ಅವಳು. ಇಳಿದಳು.

ವಿಯೋಲಾಗಳು ಹೊರಟವು. ಎರಡು ಆವರ್ತದೊಳಗೆ ತಡವರಿಸಿದವು. ಒಂದು ನಿಂತಿತು, ಇನ್ನೊಂದು ನಿಂತಿತು, ದೀಪದ ಗುಂಡಿ ಹುಡುಕುವ ಟಕ್ ಟಕ್ ಸದ್ದು ಗಾಜಿನ ಕೋಣೆಗೂ ಕೇಳಿಸಿತು. ಒಂದು ಮಾತ್ರ ನಿಲ್ಲಲಿಲ್ಲ. ನಮ್ಮ ಕಿಟಕಿಯ ಪಕ್ಕ ನೂರು ಸಲ ಕೇಳಿದ ದನಿ. ಸಣ್ಣದು, ಕೊಂಚ ಒರಟು. ಒಂದು ಕಡೆ ಬೆರಳು ಜಾರಿತು, ಜಾರಿದ್ದನ್ನು ಹಾಗೇ ಹಿಡಿದು ಮುಂದಿನ ಸ್ವರಕ್ಕೆ ಕಾಲಿಟ್ಟಿತು. ಮೇಜು ತಟ್ಟಿಕೊಂಡೆ, ಅವಳಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ. ಕಂಡಕ್ಟರ ಕೈ ನಿಧಾನವಾಗಿ ಕೆಳಗಿಳಿಯಿತು. ನಿಲ್ಲಿಸಲಿಲ್ಲ. ಈ ಒಂದು ಸ್ಟಾಪಿನಲ್ಲಿ ಅವರ ಬಸ್ಸು ನಿಲ್ಲಲಿಲ್ಲ. ದೀಪಗಳು ಒಂದೊಂದಾಗಿ ಹೊತ್ತಿದಾಗ ಉಳಿದವರು ಅವಳ ಹಿಂದೆ ಬಂದು ಸೇರಿಕೊಂಡರು.

ಜನರಿಗೆ ಅದು ಹಾಗೆಯೇ ಬರೆದದ್ದು ಅನಿಸಿತು.

ಮುಗಿದ ಮೇಲೆ ನಿರ್ದೇಶಕಿ ಮೆಟ್ಟಿಲು ಹತ್ತಿ ಬಂದರು. “ಚಿತ್ರ ಬದಲಿಸಿದ್ದು ಯಾರು?”

“ನಾನು.”

“ಯಾಕೆ?”

“ಆಕೆಗೆ ಇರೋದು ಅದೊಂದೇ ಮುಖ. ಮೊದಲು ತೆಗೆದದ್ದೇ ತಪ್ಪು. ಅವತ್ತು ಹೇಳಿದ್ದೆಲ್ಲ ಸುಳ್ಳು.” ದೀಪದ ಮಾತು ಮರೆತದ್ದನ್ನೂ ಹೇಳಿದೆ. ಕಣ್ಣಿನ ವಿಷಯ ಹೇಳಲಿಲ್ಲ, ಅದು ನನ್ನದಲ್ಲ.

ಪೂರ್ತಿ ಕೇಳಿಸಿಕೊಂಡರು. “ಮುಂದಿನ ಸಲ ನಾನು ಫೋನಿನಲ್ಲಿದ್ರೂ ಕೈ ಹಿಡಿದು ಎಳಿ.” ಹೋದರು. ಬೈದದ್ದೋ, ಕೆಲಸ ಉಳಿಯಿತೋ, ಗೊತ್ತಾಗಲಿಲ್ಲ.

ಕೆಳಗೆ ಹೋದೆ. ದೊಡ್ಡಮ್ಮ ವಾದ್ಯ ಒರೆಸುತ್ತಿದ್ದಳು. ಕಂಡಕ್ಟರು ಎದುರು ನಿಂತಿದ್ದರು. “ನೀವು ಪುಟ ನೋಡ್ತಾನೇ ಇರಲಿಲ್ಲ ಅಲ್ವಾ?”

“ನೋಡಿದ್ರೂ ಕಾಣ್ತಿರಲಿಲ್ಲ ಸರ್. ಮಬ್ಬಿನಲ್ಲಿ ಕಣ್ಣು ಹೋಗಿದೆ. ನಾಳೆ ಬಂದು ಹೇಳೋಣ ಅಂತಿದ್ದೆ. ಇವತ್ತೇ ಹೇಳಿಬಿಡ್ತೀನಿ, ನಾನು ಇಲ್ಲಿಗೆ ಸಾಕು ಮಾಡ್ತೀನಿ.”

ಅವರು ಏನೋ ಹೇಳಲು ಬಾಯಿ ತೆರೆದರು. ಅವಳು ಪೆಟ್ಟಿಗೆಯ ಚಿಲಕ ಹಾಕಿದಳು. ಅವರು ಬಾಯಿ ಮುಚ್ಚಿ, ತಲೆ ಬಾಗಿಸಿದರು. ಜೊತೆಗಾತಿ ಅಳುತ್ತಿದ್ದಳು. “ಅಳಬೇಡ್ವೇ, ಇನ್ಮೇಲೆ ಪುಟ ತಿರುಗಿಸೋ ಕಷ್ಟ ಪೂರ್ತಿ ನಿನ್ನದೇ,” ಅಂದಳು ದೊಡ್ಡಮ್ಮ.

ಕುರ್ಚಿಯಿಂದ ತಾನೇ ಎದ್ದಳು. ಬಾಗಿಲ ತನಕ ಕತ್ತಲಿತ್ತು. ನನ್ನ ಕೈ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಅವಳೇ ನನ್ನ ತೋಳು ಹುಡುಕಿ ಹಿಡಿದುಕೊಂಡಳು.

ಮಾರ್ಚ್ 3, ಮಧ್ಯಾಹ್ನ

ಬೆಳಿಗ್ಗೆ ಒಳಕೋಣೆಯಿಂದ ಸದ್ದಿಲ್ಲ. ಪಕ್ಕದ ಮನೆಯಾಕೆ ಬಂದು ಕೇಳಿದರು, ಅಕ್ಕನಿಗೆ ಹುಷಾರಿಲ್ವಾ ಎಂದು. “ಗೋಡೆ ತಟ್ಟೋಕೆ ಏನೂ ಇಲ್ಲ ಅಂತ ಬೇಜಾರಾ?” ದೊಡ್ಡಮ್ಮ ಒಳಗಿಂದಲೇ ಕೂಗಿದಳು.

ಈಗ ಕಿಟಕಿಯ ಪಕ್ಕ ಬಿಸಿಲಲ್ಲಿ ಕೂತಿದ್ದಾಳೆ. ಸ್ವಲ್ಪ ಮುಂಚೆ ಕೇಳಿದಳು, “ಆ ಮುಖ ಹೇಗಿದೆ? ಅಷ್ಟೆಲ್ಲ ಜಗಳ ಆಡಿದೆ, ನಾನು ನೋಡೇ ಇಲ್ಲವಲ್ಲ.” ಲ್ಯಾಪ್‌ಟಾಪಿನ ಬೆಳಕು ಪೂರ್ತಿ ಏರಿಸಿ ತೊಡೆಯ ಮೇಲಿಟ್ಟೆ. ಬಗ್ಗಿದಳು. ಚಿತ್ರವೇ ಕಪ್ಪು, ಎಷ್ಟು ಏರಿಸಿದರೂ ಅಷ್ಟೇ.

“ಏನೋ ನಗು ಇದ್ದ ಹಾಗಿದೆ. ಸರಿಯಾಗಿ ಕಾಣಲ್ಲ. ನೀನೇ ಹೇಳು, ಬರೆಯೋಳಲ್ವಾ ನೀನು? ಉದ್ದಕ್ಕೇ ಹೇಳು, ಇಲ್ಲಿ ಕತ್ತರಿ ಹಾಕೋರು ಯಾರೂ ಇಲ್ಲ. ಕಣ್ಣು ಹೇಗಿದೆ ಆಕೆದು?”

“ಒಂದು ನಿಮಿಷ, ದೊಡ್ಡಮ್ಮ” ಅಂದು, ಇಲ್ಲಿ ಬಂದು ಬರೆಯುತ್ತಿದ್ದೇನೆ. ಹೇಗೆ ಶುರುಮಾಡುವುದೆಂದು ನೋಡಲು. ಕರೆಯುತ್ತಿದ್ದಾಳೆ.

ಬಂದೆ. ಹೇಳುತ್ತೇನೆ. ಎಲ್ಲವನ್ನೂ, ಇದುವರೆಗೆ ಹೇಳದೆ ಇಟ್ಟುಕೊಂಡ ಆ ಮುಚ್ಚಿದ ಕಣ್ಣನ್ನೂ. ದೊಡ್ಡಮ್ಮ, ಆಕೆಯ ಕಣ್ಣು…