ಬಿಡಿಸಿದ ಮೇಲೆ

ನನ್ನ ಇತಿಹಾಸದ ಮೇಷ್ಟ್ರೇ,

ಜಗಳೂರಿನ ಆ ಎಂಟನೇ ತರಗತಿ ನಿಮಗೆ ನೆನಪಿದೆಯಾ? ಆಫ್ರಿಕಾದ ಜನರಿಗೆ ಸರಪಳಿ ಹಾಕಿ ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿಸುತ್ತಿದ್ದರು ಎಂದು ಹೇಳಿದಿರಿ. ಗುಲಾಮಗಿರಿ ನಿಷೇಧವಾದ ಮೇಲೆ ಬ್ರಿಟಿಷರು ಆ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಗೇ ನಮ್ಮ ದೇಶದವರನ್ನು ಕೂಲಿಗಳೆಂದು ಸಾಗಿಸಿದರು, "ಹೆಸರು ಬದಲಾಯ್ತು, ಬಾಳು ಬದಲಾಗಲಿಲ್ಲ" ಎಂದಿರಿ. ನಾನು ಎದ್ದು ನಿಂತು, "ಸಾರ್, ನಮ್ಮಪ್ಪನೂ ಹಂಗೇ ಅದಾನೆ" ಎಂದೆ. ತರಗತಿಯೆಲ್ಲ ನಕ್ಕಿತು. ನೀವು ನಗಲಿಲ್ಲ.

ಮುಂದಿನ ಭಾನುವಾರ ಬಸ್ಸು ಹಿಡಿದು ನಮ್ಮೂರಿಗೇ ಬಂದಿರಿ. ನಮ್ಮಜ್ಜನ ಕಾಲದಿಂದ ನಾವು ಜೀತಕ್ಕಿದ್ದ ಮನೆಯಲ್ಲಿ ಅಪ್ಪ ಕುರಿದೊಡ್ಡಿ ಗುಡಿಸುತ್ತಿದ್ದ. "ಹನುಮಂತಪ್ಪನೋರೇ, ಸ್ವಲ್ಪ ಈ ಕಡೆ ಬರ್ತೀರಾ?" ಎಂದಿರಿ. ಯಾರನ್ನು ಕರೆಯುತ್ತಿದ್ದೀರೆಂದು ಅಪ್ಪ ಹಿಂದೆ ತಿರುಗಿ ನೋಡಿದ! ಹೆತ್ತವ್ವ ಸತ್ತ ದಿನವೂ ಧಣಿಯ ಅಪ್ಪಣೆ ಪಡೆದೇ ಮಣ್ಣಿಗೆ ಬಂದಿದ್ದವನು ಅವನು. "ಬ್ಯಾಡ್ರಿ ಸಾರ್, ಇಲ್ಲಿಂದ ಹೊಂಟ್ರೆ ನಾವು ಎಲ್ಲಿಗೆ ಹೋಗಾದು?" ಎಂದು ಕೈಮುಗಿದ. ನೀವು ಬಿಡಲಿಲ್ಲ. ಅರ್ಜಿ ಬರೆದಿರಿ, ಮತ್ತೆ ಬರೆದಿರಿ. ಕೊನೆಗೆ ಅಧಿಕಾರಿಗಳು ಬಂದು ಬಿಡುಗಡೆ ಪತ್ರ ಕೊಟ್ಟರು.

ಆಮೇಲಿನದು ನಿಮಗೆ ಗೊತ್ತಾಗಲೇ ಇಲ್ಲ, ಅಲ್ಲವೇ? ನಿಮಗೆ ಹೊನ್ನಾಳಿಗೆ ವರ್ಗವಾಯಿತು. ಊರಲ್ಲಿ ಯಾರೂ ಅಪ್ಪನನ್ನು ಕೆಲಸಕ್ಕೆ ಕರೆಯಲಿಲ್ಲ. ಕೋಳಿ ಕೂಗಿದೊಡನೆ ಎದ್ದು ಧಣಿಯ ಬಾಗಿಲ ತನಕ ನಡೆದು, ಸುಮ್ಮನೆ ತಿರುಗಿ ಬರುತ್ತಿದ್ದ. ನಿಮ್ಮ ಹೆಸರೆತ್ತಿದರೆ ಬಯ್ಯುತ್ತಿದ್ದ. ನೀವು ತೀರಿಕೊಳ್ಳುವ ಮುಂಚೆ ನಿಮ್ಮನ್ನು ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗಲೂ ಇದನ್ನು ಹೇಳಬೇಕೆಂದಿದ್ದೆ. ನಿಮ್ಮ ಮುಖ ನೋಡಿ, ಹೇಳದೆಯೇ ಬಂದೆ.

ಈಗ ನಾನು ಕೆರೆಬಿಳಚಿಯಲ್ಲಿ ಅದೇ ಪಾಠ ಮಾಡುತ್ತೇನೆ. ಅಪ್ಪ ನನ್ನ ಜೊತೆಗಿದ್ದಾನೆ. ಕಳೆದ ತಿಂಗಳು ರೇಣುಕಾ ಎಂಬ ಹೊಸ ಹುಡುಗಿ ಹತ್ತು ದಿನ ಶಾಲೆಗೆ ಬಂದು, ಆಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ಹುಡುಕಿಕೊಂಡು ಹೋದರೆ ಊರಾಚೆ ಒಂದು ಇಟ್ಟಿಗೆ ಭಟ್ಟಿ, ಗೇಟಿಗೆ ಬೀಗ. ಬಳ್ಳಾರಿ ಕಡೆಯಿಂದ ಕೆಲಸಕ್ಕೆ ಬಂದವರು. ಅವಳ ತಾಯಿ ಒಳಗಿನಿಂದಲೇ ಪಿಸುಗುಟ್ಟಿದಳು: "ಊರಿಗೆ ಹೋಗಾಕ ಬಿಡವಲ್ರು ಟೀಚರ್. ಫೋನೂ ಕಸ್ಕೊಂಡಾರ. ನೀವು ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ."

ಮೂರು ದಿನ ಅರ್ಜಿ ಬರೆದೆ, ಹರಿದೆ. ಬಿಡಿಸಿದ ಮೇಲೆ ಅವರ ಗತಿಯೂ ನಮ್ಮ ಹಾಗೇ ಆದರೆ? ನಿಮ್ಮ ಧೈರ್ಯ ನನಗೆ ಯಾಕೆ ಬರಲಿಲ್ಲ? ಅಥವಾ ಆಗ ನೀವೂ ಹೀಗೇ ಬರೆದು ಬರೆದು ಹರಿದಿದ್ದಿರೇ? ತಡೆಯಲಾರದೆ ಅಪ್ಪನನ್ನೇ ಕೇಳಿದೆ: "ಅಪ್ಪಾ, ಮೇಷ್ಟ್ರು ಮಾಡಿದ್ದು ತಪ್ಪಾ?"

"ತಪ್ಪಲ್ಲ ಬಿಡು. ನಿನ್ನ ಶಾಲೆ ಬಿಡಿಸಿ ಧಣಿ ಮನೆ ಕಸಕ್ಕೆ ಹಾಕ್ತಿದ್ರು, ಅದು ತಪ್ತು. ಆದ್ರೆ ಆಮ್ಯಾಲೆ ಯಾರಾದ್ರೂ ಬಂದು, ಉಂಡ್ಯೇನಪಾ, ಏನು ಮಾಡ್ತೀ ಅಂತ ಕೇಳ್ಬೇಕಿತ್ತು" ಎಂದ. ಆಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದ. "ನಡಿ, ಚನ್ನಗಿರಿಗೆ ಹೋಗಾನ."

ತಾಲ್ಲೂಕು ಕಚೇರಿಯಲ್ಲಿ ನನ್ನ ಸಹಿಯ ಕೆಳಗೆ ಅಪ್ಪ ಹೆಬ್ಬೆಟ್ಟು ಒತ್ತಿದ. ವಾರದೊಳಗೆ ಬೀಗ ಒಡೆಸಿದರು. ಆರು ಸಂಸಾರಗಳು ಹೊರಗೆ ಬಂದವು, ಮೇಷ್ಟ್ರೇ. ಐದು ಸಂಸಾರಗಳನ್ನು ಕರೆದುಕೊಂಡು ಹೋಗಲು ನೆಂಟರು ಬಂದರು. ರೇಣುಕಾಳ ಅಪ್ಪ ಮಾತ್ರ ಗೇಟಿನ ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತಿದ್ದ. ಯಾವ ಕಡೆ ಹೋಗಬೇಕೆಂದೇ ಅವನಿಗೆ ತೋಚುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ರೇಣುಕಾಳ ಮನೆಯವರನ್ನು ಬಳ್ಳಾರಿ ಬಸ್ಸು ಹತ್ತಿಸಲು ಹೋಗಿದ್ದೆ. ನೋಡಿದರೆ ಅಪ್ಪನೂ ಒಂದು ಚೀಲ ಹಿಡಿದು ಅವರ ಹಿಂದೆಯೇ ಹತ್ತಿ, ಕಿಟಕಿ ಪಕ್ಕ ಕುಳಿತುಬಿಟ್ಟ.

"ಯಾವಾಗ ಬರ್ತೀ ಅಪ್ಪಾ?" ಎಂದೆ.

"ಅವ್ರಿಗೊಂದು ಕೆಲ್ಸ ಸಿಗಾ ತಂಕ ಅಲ್ಲೇ ಇರ್ತೀನಿ" ಎಂದ.