ಅಣ್ಣನ ಗಾಡಿಯ ಕಪ್ಪು ಹೊಗೆ

೩ ಫೆಬ್ರವರಿ ೨೦೦೯, ಮಂಗಳವಾರ

ಮಿಷನ್ ಬಿಸಿಯಾಗಲಿ ಅಂತ ಇವತ್ತೂ ಕಾದೆ. ದೇವನಹಳ್ಳಿ ಬೈಪಾಸಿನ ಧೂಳೆಲ್ಲ ನಮ್ಮ ಎಮಿಷನ್ ಟೆಸ್ಟ್ ಅಂಗಡಿಗೇ. ಏರ್‌ಪೋರ್ಟ್ ಬಂದಮೇಲೆ ಟ್ಯಾಕ್ಸಿಗಳ ಸಾಲು ಬೇರೆ. ನನಗೊಂದು ಹುಚ್ಚು ಹತ್ತಿದೆ — ಪ್ರತಿ ಗಾಡಿಯ ಹೊಗೆಗೂ ಬಿಳಿ ಕರ್ಚೀಫ್ ಹಿಡಿದು ನೋಡೋದು. ಒಂದೊಂದರದ್ದು ಒಂದೊಂದು ಬಣ್ಣ. ಯಾಕೋ!

ಮಧ್ಯಾಹ್ನ ನಮ್ಮಣ್ಣ ದೇವೇಂದ್ರ ಹಳೇ ಸುಮೋ ತಂದ. ಸೋಮವಾರದಿಂದ ಏರ್‌ಪೋರ್ಟ್ ಸ್ಟಾಫ್ ಪಿಕಪ್ ಅವನದು. ಸರ್ಟಿಫಿಕೇಟ್ ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ. ಹೊಗೆ ಅಳೆಯೋ ಮಿಷನ್ನಿನ ಪ್ರೋಬ್ ಕಡ್ಡೀನ ಸೈಲೆನ್ಸರ್ ಪೈಪಿಗೆ ತೂರಿಸಿ ಆಕ್ಸಿಲರೇಟರ್ ಒತ್ತಿಸಿದೆ. ಫೇಲ್. ಕರ್ಚೀಫ್ ನೋಡಿದರೆ ಕಾವಲಿಯ ತಳ.

"ಒಳಗ್ಯಾಕೆ ತೂರಿಸ್ತೀಯ ಅಕ್ಷತ? ಪೈಪ್ ಬಾಯಲ್ಲಿ ಸುಮ್ನೆ ಹಿಡಿ, ರೀಡಿಂಗ್ ಕಮ್ಮಿ ಬರ್ತದೆ. ಎಲ್ಲಾರೂ ಹಂಗೇ ಮಾಡೋದು."

"ಆಗಲ್ಲ ಕಣಣ್ಣ."

ಬಾಗಿಲು ಬಡಿದುಕೊಂಡು ಹೋದ.

೫ ಫೆಬ್ರವರಿ

ಅಣ್ಣ ಮಾತು ಬಿಟ್ಟಿದಾನೆ. ಮುದ್ದೆ ಬಡಿಸಿದರೆ ಮುಖ ತಿರುಗಿಸ್ತಾನೆ. ಬೇಜಾರು. ಆದರೂ ತಲೆ ಕೊರೀತಿರೋದು ಬೇರೆ — ಹೋದ ತಿಂಗಳು ತಾನೆ ಸರ್ವಿಸ್ ಆದ ಗಾಡಿ. ಕಪ್ಪು ಹೊಗೆ ಎಲ್ಲಿಂದ?

ಪಕ್ಕದ ಗ್ಯಾರೇಜಿನ ಅನೀಸ್ ಭಾಯ್‌ನ ಕೇಳಿದೆ.

"ನಾನೇ ಮಾಡಿದ್ ಸರ್ವಿಸ್ ಅಮ್ಮ. ಡೀಸೆಲ್ ಉರಿಯೋಕೆ ಗಾಳಿ ಸಾಲ್ದು ಅಂದ್ರೆ ಹಂಗಾಗ್ತದೆ. ಗಾಡಿ ತರ್ಸಿ, ನೋಡಾಣ."

ಅಣ್ಣ ತರಲ್ವಂತೆ. ನನ್ನ ಮೇಲಿನ ಸಿಟ್ಟು ಅವರ ಮೇಲೂ.

ಗಾಳಿ ಎಲ್ಲಿಂದ ಒಳಗೆ ಹೋಗುತ್ತೆ? ಇಷ್ಟು ದಿನ ಗಾಡಿಗಳ ಹಿಂದುಗಡೆ ಮಾತ್ರ ನೋಡಿದೀನಿ…

೮ ಫೆಬ್ರವರಿ, ಭಾನುವಾರ ಬೆಳಗ್ಗೆ

ಅಣ್ಣ ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿದೆ. ಗಾಳಿ ಎಳೆಯೋ ಕೊಳವೆಯ ಬಾಯಿಗೆ ಅರಿಶಿನದ ಬಟ್ಟೆ! ಎರಡು ಸುತ್ತು, ಬಿಗಿ ಗಂಟು. ಅಮ್ಮ ಹೋದ ತಿಂಗಳ ಕೊನೇಲಿ ಘಾಟಿ ದೇವಸ್ಥಾನದಿಂದ ಪೂಜೆ ಮಾಡಿಸಿ ತಂದದ್ದು.

"ಬಾಯಿ ಅಲ್ವಾ, ದೃಷ್ಟಿ ಅಲ್ಲಿಂದ್ಲೇ ಒಳೀಕ್ ಹೋಗೋದು ಅಂತ ಕಟ್ದೆ" ಅಂದಳು ಅಮ್ಮ. ಆಮೇಲೆ ದನಿ ಸಣ್ಣಗಾಯ್ತು. "ಗಾಡಿಗೆ ಉಸಿರು ಕಟ್ಸಿದ್ದು ನಾನಾ?"

ಪಾಪ ಅನ್ನಿಸ್ತು. ನಗುವೂ ಬಂತು. ಅಣ್ಣ ಟವಲ್‌ನಲ್ಲೇ ನಿಂತು ನಕ್ಕ — ಇಷ್ಟು ದಿನದ ಮೇಲೆ.

ಅದೇ ದಿನ, ಸಂಜೆ

ಬಟ್ಟೆ ಬಿಚ್ಚಿದ ಮೇಲೆ ಪಾಸ್! ಭಾನುವಾರವಾದರೂ ಅಂಗಡಿ ತೆಗೆದೆ. "ಪೂರ್ತಿ ಒಳಗೆ ತೂರ್ಸೇ" ಅಂತ ಅಣ್ಣನೇ ಹೇಳಿದ. ಕರ್ಚೀಫನ್ನ ತಿರುಗಿಸಿ ಮುರುಗಿಸಿ ನೋಡಿದ.

ಅಮ್ಮನೂ ಬಂದಿದ್ದಳು. "ಒಡಹುಟ್ಟಿದೋನು ಅಂತಾನೂ ನೋಡ್ಲಿಲ್ವಲ್ಲೇ ನೀನು" ಅಂತ ಸೆರಗಿನಿಂದ ಅದೇ ಹಳದಿ ಬಟ್ಟೆ ತೆಗೆದಳು.

"ಅಮ್ಮಾ, ಪ್ರೋಬ್ ಬಾಯಿಗೆ ಮಾತ್ರ ಬೇಡ!"

"ಗೊತ್ತು ಸುಮ್ನಿರೇ. ನಿಂಗೇ ದೃಷ್ಟಿ ಆಗ್ಬಾರ್ದು, ಕೈ ಚಾಚು."

ಬಟ್ಟೆಯ ಅಂಚು ಹರಿದು ನನ್ನ ಮಣಿಕಟ್ಟಿಗೆ ಕಟ್ಟಿದಳು. ಬರೆಯೋ ಕೈಗೇ. ಪೆನ್ ಆಡಿದಾಗೆಲ್ಲ ಹಾಳೆ ಮೇಲೆ ಅರಿಶಿನ —