ನಿಮ್ಮ ಇಮೇಲ್ ಓದಲು ಮೊದಲು ಕಣ್ಣು ಕೊಡಿ

ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳೇ,

ಮಾನ್ಯರೇ, ನಮ್ಮಮ್ಮನ ಕಣ್ಣಿನ ಪೊರೆ ತೆಗೆಯುವ ತಾರೀಖನ್ನು ನೀವು ಇಮೇಲಿನಲ್ಲಿ ಕಳಿಸಿದಿರಿ. ಅದು ನಮ್ಮ ಗಮನಕ್ಕೆ ಬರಲಿಲ್ಲ. ತಾರೀಖು ದಾಟಿತು, ಅಮ್ಮನ ಹೆಸರು ಸರದಿಯ ಬಾಲಕ್ಕೆ ಹೋಯಿತು. ತಪ್ಪು ನಮ್ಮದೇ ಎಂದು ನಿಮ್ಮ ಕಚೇರಿ ಆಗಲೇ ತೀರ್ಪು ಕೊಟ್ಟಿರುವುದರಿಂದ, ಮೇಲ್ಮನವಿಯನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನೋಂದಣಿಯ ದಿನ ಕೌಂಟರಿನಲ್ಲಿ ಇಮೇಲ್ ವಿಳಾಸ ಕಡ್ಡಾಯ ಎಂದರು. ಅಮ್ಮನ ಹೆಸರಿನಲ್ಲಿ ಒಂದು ಮಾಡಿಸಿದೆ. ಅವಳಿಗೆ ಅಕ್ಷರ ಕಾಣದ್ದರಿಂದ, ಬಂದದ್ದನ್ನೆಲ್ಲ ಫೋನೇ ಗಟ್ಟಿಯಾಗಿ ಓದಿ ಹೇಳುವಂತೆಯೂ ಮಾಡಿಕೊಟ್ಟು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮರುದಿನದಿಂದ ಫೋನಿನೊಳಗಿನ ಹೆಣ್ಣುದನಿಯಲ್ಲಿ ನಿಮ್ಮ ಆಸ್ಪತ್ರೆ ಬಾಯಿಬಿಟ್ಟಿತು. ಪರದೆ ನೋಡುವುದನ್ನು ಕಡಿಮೆ ಮಾಡಿ (ಇದನ್ನು ಹೇಳಿದ್ದು ಪರದೆಯ ಮೂಲಕವೇ). ಹಸಿರನ್ನು ನೋಡಿ, ಹಾಯಾಗಿರಿ. ನಮ್ಮ ಹೊಸ ಕಟ್ಟಡದ ಫೋಟೊ ನೋಡಿ. ನಿರ್ದೇಶಕರು ರಿಬ್ಬನ್ ಕತ್ತರಿಸುವ ವಿಡಿಯೊ ನೋಡಿ. ಸ್ವಾಮಿ, ಕಣ್ಣು ಕಾಣದೆಂದು ನಿಮ್ಮಲ್ಲಿಗೆ ಬಂದವರಿಗೆ ಏನೇನು ತೋರಿಸಬೇಕೆಂದಿದ್ದೀರಿ?

ಅಮ್ಮ ಹೊಲಿಗೆಯವಳು. ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚುವುದು ಅವಳ ಕಸುಬು. ಈಗ ಸೂಜಿಯ ಕಣ್ಣೂ ಅವಳಿಗೆ ಕಾಣದು. ಕೆಲಸಕ್ಕೆ ಹೊರಡುವ ಮುಂಚೆ ನಾನು ಸೂಜಿಗಳಿಗೆಲ್ಲ ದಾರ ಪೋಣಿಸಿ, ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತೇನೆ. ಬೆರಳಿನಿಂದಲೇ ಬಟ್ಟೆಯ ಅಂಚು ತಡವಿ ಗುಂಡಿ ಹಚ್ಚುತ್ತಾಳೆ. ದಾರ ಮುಗಿದಲ್ಲಿಗೆ ಅವಳ ದಿನವೂ ಮುಗಿಯಿತು. ಒಮ್ಮೆ ನಿಮ್ಮ ಹಸಿರಿನ ಉಪದೇಶ ಫೋನಿನಲ್ಲಿ ಥಟ್ಟನೆ ಕಿರುಚಿಕೊಂಡಿತು; ಬೆಚ್ಚಿಬಿದ್ದ ಅಮ್ಮ ಬೆರಳಿಗೇ ಸೂಜಿ ಚುಚ್ಚಿಕೊಂಡಳು.

"ಲೋ, ಮೊದ್ಲು ಆ ಹೆಂಗಸಿನ ಬಾಯಿ ಮುಚ್ಚಿಸೋ! ನಿನ್ನ ಹೆಂಡ್ತಿನೂ ನಂಗೆ ಇಷ್ಟು ಬುದ್ಧಿ ಹೇಳಲ್ಲ."

"ಹೇಳಿದ್ರೆ ನೀವು ಕೇಳ್ಬೇಕಲ್ಲ ಅತ್ತೆ," ಎಂದಿತು ಅಡುಗೆಮನೆ.

ನಾನು ನಿಯಮ ಮೀರುವವನಲ್ಲ. ಇಮೇಲಿನ ಬುಡದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ 'ಬೇಡವಾದರೆ ಇಲ್ಲಿ ಒತ್ತಿ' ಎಂದಿತ್ತು. ಒತ್ತಿದೆ. ಬೇಡವೆಂದದ್ದಕ್ಕೆ ಧನ್ಯವಾದ, ನಿಮ್ಮ ಅನುಭವ ತಿಳಿಸಿ ಎಂದು ಇನ್ನೊಂದು ಇಮೇಲ್ ಬಂತು. ತಿಳಿಸಿದೆ. ತಿಳಿಸಿದ್ದಕ್ಕೂ ಧನ್ಯವಾದ ಬಂತು. ಸಂಜೆಗೆ ಹಸಿರು ಮತ್ತೆ ಹಾಜರು. ಬೇಡವೆಂದರೆ ಕಾಟ, ಬೇಕೆಂದರೆ ಓಟ! ಕೊನೆಗೆ ನಿಮ್ಮ ವಿಳಾಸವನ್ನೇ ಬ್ಲಾಕ್ ಮಾಡಿದೆ. ಮನೆ ತಣ್ಣಗಾಯಿತು.

ಆಪರೇಷನ್ನಿನ ತಾರೀಖೂ ಅದೇ ವಿಳಾಸದಿಂದ, 'ನಿಮ್ಮ ಕಣ್ಣು, ನಮ್ಮ ಕಾಳಜಿ' ಎಂಬ ಅದೇ ತಲೆಬರಹದಡಿ ಬಂದು ಸ್ಪ್ಯಾಮಿನ ರಾಶಿಯಲ್ಲಿ ಮಲಗಿತ್ತು; ನಾನು ಹುಡುಕಿ ತೆಗೆಯುವಷ್ಟರಲ್ಲಿ ದಿನ ದಾಟಿತ್ತು. ಉಪದೇಶಕ್ಕೂ ಆದೇಶಕ್ಕೂ ಒಂದೇ ವೇಷ ತೊಡಿಸಿದರೆ ಗುರುತು ಹಿಡಿಯುವುದು ಹೇಗೆ? ವಿಚಾರಿಸಲು ಅಮ್ಮನನ್ನು ಕರೆದುಕೊಂಡು ಬಂದೆ.

"ಕಳಿಸಿದ್ವಲ್ಲ ಸರ್. ನೀವು ನೋಡಿಲ್ಲ ಅಂದ್ರೆ ನಾವೇನ್ ಮಾಡೋಣ?" ಎಂದರು ನಿಮ್ಮ ಗುಮಾಸ್ತರು.

"ನೋಡೋ ಹಾಗಿದ್ರೆ ಇಲ್ಲಿಗ್ಯಾಕಪ್ಪಾ ಬರ್ತಿದ್ದೆ?" ಎಂದಳು ಅಮ್ಮ.

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತರೂ ನಕ್ಕರು. ನಕ್ಕು, "ಹೊಸ ತಾರೀಖು ಇಮೇಲ್ ಮಾಡ್ತೀವಿ ಅಜ್ಜಿ," ಎಂದರು.

ಹಾಗಾಗಿ ಬ್ಲಾಕ್ ತೆಗೆದಿದ್ದೇನೆ. ಆ ದನಿ ಮತ್ತೆ ದಿನವಿಡೀ ಮಾತಾಡುತ್ತಿದೆ. ಯಾವುದು ತಾರೀಖೋ, ಯಾವುದು ತುತ್ತೂರಿಯೋ ತಿಳಿಯದೆ ಅಮ್ಮ ಪ್ರತಿ ಸಲವೂ ಸೂಜಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೊನೆಯತನಕ ಕೇಳುತ್ತಾಳೆ. ಸಂಜೆ ನಾನು ಬಂದಾಗ ಅರ್ಧ ಸೂಜಿಗಳು ದಾರ ಸಮೇತ ಹಾಗೆಯೇ ಇರುತ್ತವೆ.

ಆದ್ದರಿಂದ ನನ್ನ ಬೇಡಿಕೆ: ಅಮ್ಮನಿಗೆ ಸರದಿಯಲ್ಲಿ ಅವಳ ಹಳೆಯ ಜಾಗ ಮರಳಿ ಕೊಡಿ. ತಾರೀಖನ್ನು ನಿಮ್ಮಲ್ಲಿನ ಮನುಷ್ಯರೊಬ್ಬರು ಫೋನ್ ಮಾಡಿ ಹೇಳಲಿ. ಆಪರೇಷನ್ ಆಗುವವರೆಗೆ ಹಸಿರು, ಕಟ್ಟಡ, ರಿಬ್ಬನ್ ಎಲ್ಲಕ್ಕೂ ರಜೆ ಕೊಡಿ. ಆಮೇಲೆ ಎಷ್ಟು ಬೇಕಾದರೂ ಕಳಿಸಿ, ನಮ್ಮ ತಕರಾರಿಲ್ಲ.

"ಕಣ್ಣೊಂದು ಬರ್ಲಿ," ಎಂದಿದ್ದಾಳೆ ಅಮ್ಮ, "ಒಂದೊಂದನ್ನೂ ನೋಡಿ ನೋಡಿ ನಾನೇ ಅಳಿಸ್ತೀನಿ."

ಇಂತಿ,
ನಿಮ್ಮ ಇಮೇಲ್ ಪಟ್ಟಿಯಿಂದ ಹೊರಬರಲಾಗದ, ಅಮ್ಮನನ್ನು ಸರದಿ ಪಟ್ಟಿಯಲ್ಲಿ ಮುಂದೆ ತರಲಾಗದ,
ಸೂಜಿಗೆ ದಾರ ಪೋಣಿಸುವ ಮಗ